ಅಶ್ಮರೀಶೂಲದ ಔಷಧಗಳು: ಜೈನ ವೈದ್ಯಗ್ರಂಥಗಳು ಮತ್ತು ತುಲನೆಯ ಪ್ರಶ್ನೆ

ಹುನಗುಂದ ಸೀಮೆಯ ಮರೋಳ ಗ್ರಾಮದ ಹೆಸರು ಜೈನ ಶಾಸನಗಳ ಅಭ್ಯಾಸಿಗಳಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಎರಡನೆಯ ಜಯಸಿಂಹನ ಕಾಲದಲ್ಲಿ, ಕ್ರಿ.ಶ. 1024ರಲ್ಲಿ ಹುಟ್ಟಿದ ಇಲ್ಲಿಯ ಶಾಸನವು ಅನಂತವೀರ್ಯರೆಂಬ ಆಚಾರ್ಯರ ಬಹುಶಾಸ್ತ್ರ ಪಾಂಡಿತ್ಯವನ್ನು ಕೊಂಡಾಡುತ್ತದೆ. ಅದೇ ದೊರೆಯ ಆಶ್ರಯದಲ್ಲಿ, ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ, ಎರಡನೆಯ ಚಾವುಂಡರಾಯನು ತನ್ನ 'ಲೋಕೋಪಕಾರ'ವನ್ನು ರಚಿಸಿದನು. ಜಲಶೋಧನೆ, ವೃಕ್ಷಾಯುರ್ವೇದ, ಸೂಪಶಾಸ್ತ್ರ, ವೈದ್ಯ ಮುಂತಾದ ವಿಷಯಗಳನ್ನು ಕನ್ನಡದಲ್ಲಿ ಒಂದೆಡೆ ಸಂಗ್ರಹಿಸಿದ ಮೊದಲ ಗ್ರಂಥಗಳಲ್ಲಿ ಅದು ಗಣ್ಯವಾದುದು. ಮರೋಳಕ್ಕೆ ಅನತಿದೂರದಲ್ಲಿರುವ ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿಯು ಕ್ರಿ.ಶ. 634ರಲ್ಲಿ ಜಿನಾಲಯವನ್ನು ಎತ್ತಿಸಿದುದನ್ನೂ ಸೇರಿಸಿ ನೋಡಿದರೆ, ಈ ನೆಲದಲ್ಲಿ ಶಾಸ್ತ್ರಾಭ್ಯಾಸವು ಶತಮಾನಗಳ ಕಾಲ ನಡೆದುಬಂದುದು ಸ್ಪಷ್ಟವಾಗುತ್ತದೆ.

ಇದೇ ಸೀಮೆ ಬಿರುಬಿಸಿಲಿನ ಎರೆನೆಲವೂ ಹೌದು. ಬೇಸಗೆಯಲ್ಲಿ ಮೈಯ ನೀರು ಬೆವರಾಗಿ ಹೋಗಿ, ಮೂತ್ರವು ಗಟ್ಟಿಯಾಗಿ, ಹರಳು ಕಟ್ಟುವುದಕ್ಕೆ ಇಂಥ ಹವೆ ಅನುಕೂಲವಾದುದು. ಹರಳು ಮೂತ್ರಪಿಂಡದಿಂದ ಜಾರಿ ನಾಳದಲ್ಲಿ ಸಿಕ್ಕಿಕೊಂಡಾಗ ಏಳುವ ಶೂಲೆಯು ಮನುಷ್ಯನು ಅನುಭವಿಸುವ ಅತಿ ತೀವ್ರ ವೇದನೆಗಳಲ್ಲಿ ಒಂದೆಂದು ಪ್ರಾಚೀನ ವೈದ್ಯರೂ ಇಂದಿನ ವೈದ್ಯರೂ ಒಪ್ಪುತ್ತಾರೆ. ಆ ಶೂಲೆಗೆ ಯಾವ ಔಷಧ ಮೇಲು ಎಂಬ ಪ್ರಶ್ನೆಗೆ ನಮ್ಮ ಓಲೆಗರಿಗಳು ಏನು ಹೇಳುತ್ತವೆ, ಅವು ಹೇಳುವುದನ್ನು ಯಾವ ಪ್ರಮಾಣದಿಂದ ಸ್ವೀಕರಿಸಬೇಕು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ. ವೈದ್ಯಗ್ರಂಥಗಳ ಸಂಪಾದನೆಯಲ್ಲಿ ತೊಡಗಿದವರಿಗೆ ಇದು ಕೇವಲ ಕುತೂಹಲದ ವಿಷಯವಲ್ಲ. ಅಚ್ಚಾದ ಯೋಗವನ್ನು ಓದಿ ಅದನ್ನು ಕುದಿಸಿ ಕುಡಿಯುವವರು ಇದ್ದೇ ಇರುತ್ತಾರೆ.

ಜೈನ ವೈದ್ಯ ಪರಂಪರೆ

ದ್ವಾದಶಾಂಗಗಳಲ್ಲಿ ಕೊನೆಯದಾದ ದೃಷ್ಟಿವಾದದ ಹದಿನಾಲ್ಕು ಪೂರ್ವಗಳ ಪೈಕಿ ಪ್ರಾಣಾವಾಯವು ವೈದ್ಯವಿದ್ಯೆಯ ಮೂಲವೆಂಬುದು ಪರಂಪರೆಯ ಮತ. ಆ ಪೂರ್ವವು ಲುಪ್ತವಾಗಿದೆ. ಇಂದು ನಮಗೆ ಪೂರ್ಣವಾಗಿ ದೊರೆತಿರುವ ಪ್ರಧಾನ ಗ್ರಂಥವೆಂದರೆ ಉಗ್ರಾದಿತ್ಯಾಚಾರ್ಯರ ಸಂಸ್ಕೃತ 'ಕಲ್ಯಾಣಕಾರಕ'. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಸಭೆಯಲ್ಲಿ ಮಾಂಸವು ಔಷಧವೇ ಅಲ್ಲವೆಂದು ಆಚಾರ್ಯರು ಪ್ರತಿಪಾದಿಸಿದುದು ಈ ಗ್ರಂಥದ ಅಂತ್ಯಭಾಗದಲ್ಲಿ ಸೇರಿದೆ. ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಇದನ್ನು ಹಿಂದಿ ಅನುವಾದದೊಡನೆ 1940ರಲ್ಲಿ ಸೊಲ್ಲಾಪುರದಿಂದ ಪ್ರಕಟಿಸಿದುದು ಜೈನ ವೈದ್ಯಸಾಹಿತ್ಯದ ಅಧ್ಯಯನಕ್ಕೆ ದೊಡ್ಡ ಉಪಕಾರವಾಯಿತು.

ಉಗ್ರಾದಿತ್ಯರು ತಮ್ಮ ಹಿಂದಿನ ಆಚಾರ್ಯರನ್ನು ಅಂಗವಾರಾಗಿ ಸ್ಮರಿಸಿದ್ದಾರೆ. ಶಾಲಾಕ್ಯವನ್ನು ಪೂಜ್ಯಪಾದರು, ಶಲ್ಯತಂತ್ರವನ್ನು ಪಾತ್ರಸ್ವಾಮಿಗಳು, ವಿಷ ಮತ್ತು ಉಗ್ರಗ್ರಹಗಳ ಶಮನವನ್ನು ಸಿದ್ಧಸೇನರು, ಕಾಯಚಿಕಿತ್ಸೆಯನ್ನು ದಶರಥಗುರುಗಳು, ಬಾಲವೈದ್ಯವನ್ನು ಮೇಘನಾದರು, ವೃಷ್ಯ ರಸಾಯನಗಳನ್ನು ಸಿಂಹನಾದರು ಹೇಳಿದರೆಂಬುದು ಅವರ ಮಾತಿನ ಸಾರ. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ಅನುಸರಿಸಿ 'ಕರ್ಣಾಟಕ ಕಲ್ಯಾಣಕಾರಕ'ವನ್ನು ಬರೆದನು. ಚಾಲುಕ್ಯ ವಂಶದ ಕೀರ್ತಿವರ್ಮನು 'ಗೋವೈದ್ಯ'ವನ್ನೂ, ಹದಿನಾಲ್ಕನೆಯ ಶತಮಾನದ ಒಂದನೆಯ ಮಂಗರಾಜನು ವಿಷಚಿಕಿತ್ಸೆಗೆ ಮೀಸಲಾದ 'ಖಗೇಂದ್ರಮಣಿದರ್ಪಣ'ವನ್ನೂ ರಚಿಸಿದರು. ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ಚಿಕಿತ್ಸೆಯನ್ನು ಹೇಳಬೇಕೆಂಬ ನಿಯಮವು ಎರಡೂ ಕಲ್ಯಾಣಕಾರಕಗಳ ಪರಂಪರೆಯನ್ನು ಒಂದುಗೂಡಿಸುವ ಸೂತ್ರ.

ಅಶ್ಮರಿಯ ಚಿಕಿತ್ಸೆ ಮತ್ತು ನಿಷೇಧದ ಪರಿಣಾಮ

ಅಶ್ಮರಿಯ ವಿಚಾರವಾಗಿ ಆಯುರ್ವೇದಕ್ಕೆಲ್ಲ ತಳಹದಿಯಾದುದು ಸುಶ್ರುತಸಂಹಿತೆ. ಅದರ ನಿದಾನಸ್ಥಾನದ ಮೂರನೆಯ ಅಧ್ಯಾಯವೂ ಚಿಕಿತ್ಸಾಸ್ಥಾನದ ಏಳನೆಯ ಅಧ್ಯಾಯವೂ ಈ ರೋಗಕ್ಕೆ ಮೀಸಲಾಗಿವೆ. ಕಫ, ವಾತ, ಪಿತ್ತ, ಶುಕ್ರಗಳಿಂದ ಹುಟ್ಟುವ ನಾಲ್ಕು ಬಗೆಯ ಅಶ್ಮರಿಗಳನ್ನು ಸುಶ್ರುತನು ಹೇಳುತ್ತಾನೆ. ಹೊಸ ಗಡಿಗೆಯಲ್ಲಿಟ್ಟ ತಿಳಿನೀರಿನಲ್ಲಿಯೂ ಕಾಲಕ್ರಮದಲ್ಲಿ ಕೆಸರು ತಂಗುವಂತೆ ಬಸ್ತಿಯಲ್ಲಿ ಕಲ್ಲು ಕೂಡುತ್ತದೆ ಎಂಬ ಅವನ ದೃಷ್ಟಾಂತವು ಇಂದಿಗೂ ಒಪ್ಪುವಂಥದು. ಚಿಕಿತ್ಸೆಯಲ್ಲಿ ಮೊದಲು ಘೃತ, ಕಷಾಯ, ಕ್ಷಾರಗಳು, ಬಳಿಕ ಉತ್ತರಬಸ್ತಿ, ಅವು ಫಲಿಸದಿದ್ದರೆ ಶಸ್ತ್ರಕರ್ಮ. ಶಸ್ತ್ರವನ್ನು ಪ್ರಯೋಗಿಸದಿದ್ದರೆ ಮರಣ ನಿಶ್ಚಿತ, ಪ್ರಯೋಗಿಸಿದರೆ ಬದುಕು ಸಂದಿಗ್ಧ. ಆದುದರಿಂದ ಒಡೆಯನಿಗೆ ಅರಿಕೆ ಮಾಡಿಕೊಂಡೇ ವೈದ್ಯನು ಮುಂದುವರಿಯಬೇಕೆಂದು ಅವನು ಎಚ್ಚರಿಸುತ್ತಾನೆ.

ಜೈನ ವೈದ್ಯನಿಗೆ ತೊಡಕು ಬರುವುದು ಇಲ್ಲಿಯೇ. ಅದೇ ಅಧ್ಯಾಯದಲ್ಲಿ ಕ್ರೌಂಚಪಕ್ಷಿ, ಒಂಟೆ, ಕತ್ತೆಗಳ ಎಲುಬನ್ನು ನೆಗ್ಗಿಲು, ಅಜಮೋದ, ಶುಂಠಿ ಮೊದಲಾದವುಗಳೊಡನೆ ಸುರೆಯಲ್ಲಿ ಅಥವಾ ಬಿಸಿನೀರಿನಲ್ಲಿ ಕುಡಿಸುವ ಯೋಗವಿದೆ. ನೆಗ್ಗಿಲ ಬೀಜದ ಚೂರ್ಣವನ್ನು ಜೇನಿನೊಡನೆ ಕೂಡಿಸಿ ಕುರಿಯ ಹಾಲಿನಲ್ಲಿ ಏಳು ದಿನ ಕೊಡುವ ಯೋಗವೂ ಇದೆ. ಎಲುಬು, ಸುರೆ, ಜೇನು ಈ ಮೂರನ್ನೂ ತೆಗೆದುಹಾಕಿದರೆ ಉಳಿಯುವುದು ನೆಗ್ಗಿಲು, ವರುಣ, ಪಾಷಾಣಭೇದ, ಹುರುಳಿ, ಶತಾವರಿ, ದರ್ಭಾದಿ ತೃಣಮೂಲಗಳು, ಶಿಲಾಜತು, ಘೃತ, ಹಾಲು ಮತ್ತು ಕ್ಷಾರಗಳು. ಸುಶ್ರುತನೇ ಸುರೆಗೆ ಬದಲಾಗಿ ಬಿಸಿನೀರನ್ನು ಹೇಳಿರುವುದರಿಂದ ಅನುಪಾನದ ಮಟ್ಟಿಗೆ ಮಾರ್ಗವು ಮೊದಲೇ ತೆರೆದಿತ್ತು. ಅಹಿಂಸೆಗಾಗಿ ಮಾಡಿದ ಈ ಪರಿಷ್ಕಾರದಲ್ಲಿ ಒಂದು ತುಲನೆಯು ಅಡಗಿದೆ. ಬಿಟ್ಟ ದ್ರವ್ಯಗಳಿಲ್ಲದೆಯೂ ರೋಗಿಗೆ ಅಷ್ಟೇ ಗುಣವಾಗುತ್ತದೆ ಎಂಬ ಪ್ರತಿಜ್ಞೆಯನ್ನು ಜೈನ ವೈದ್ಯನು ಹೊತ್ತಂತಾಯಿತು. ಆ ಪ್ರತಿಜ್ಞೆಯನ್ನು ಆಗಮಬಲದಿಂದ ಘೋಷಿಸಬಹುದು. ಗುಣವನ್ನು ಮಾತ್ರ ರೋಗಿಯ ಶರೀರದಲ್ಲಿಯೇ ಕಾಣಬೇಕಾಗುತ್ತದೆ.

ಪಾಠದ ತೊಡಕುಗಳು

ಯೋಗಗಳನ್ನು ಹೋಲಿಸುವ ಮೊದಲು ಅವುಗಳ ಪಾಠವು ಶುದ್ಧವಾಗಿರಬೇಕು. ವೈದ್ಯದ ಓಲೆಗರಿಗಳಲ್ಲಿ ಇದು ಸುಲಭವಲ್ಲ. ಅಶ್ಮರೀಚಿಕಿತ್ಸೆಯಲ್ಲಿ ಕ್ಷಾರವೂ ಬರುತ್ತದೆ, ಕ್ಷೀರವೂ ಬರುತ್ತದೆ. ಇವೆರಡರ ನಡುವೆ ಇರುವುದು ಒಂದೇ ಸ್ವರಚಿಹ್ನೆ. ಕಂಠದ ಕೊರೆತ ಸವೆದ ಗರಿಯಲ್ಲಿ ಅಥವಾ ಹುಳು ತಿಂದ ಕಡೆ ಆ ಚಿಹ್ನೆ ಕಾಣದೆಹೋದರೆ ಹಾಲಿಗೆ ಬದಲು ಕಾರದ ಬೂದಿ ರೋಗಿಯ ಹೊಟ್ಟೆಗೆ ಸೇರುವ ಸಂಭವವುಂಟು. ಹಾಗೆಯೇ 'ಮಧುಕ'ವೆಂದರೆ ಜ್ಯೇಷ್ಠಮಧು, 'ಮಧು'ವೆಂದರೆ ಜೇನು. ಕೊನೆಯ ಒಂದಕ್ಷರ ಬಿಟ್ಟುಹೋದರೆ ಜೈನ ವೈದ್ಯನ ಬಾಯಲ್ಲಿ ಜೇನನ್ನು ಹೇಳಿಸಿದಂತಾಗುತ್ತದೆ. ಅಂಥ ಕಡೆಗಳಲ್ಲಿ ಗ್ರಂಥಕರ್ತನ ಸಿದ್ಧಾಂತವೂ ಪಾಠನಿರ್ಣಯಕ್ಕೆ ಸಾಧನವಾಗಬಲ್ಲುದು. ಆದರೆ ಸಿದ್ಧಾಂತಕ್ಕೆ ಒಗ್ಗದ ಪಾಠವನ್ನು ಸಂಪಾದಕನು ಸದ್ದಿಲ್ಲದೆ ತಿದ್ದುವುದು ಸಲ್ಲದು.

ಇದಕ್ಕಿಂತ ದೊಡ್ಡ ತೊಡಕು ದ್ರವ್ಯನಿರ್ಣಯದ್ದು. ಪಾಷಾಣಭೇದವೆಂಬ ಹೆಸರು ಉತ್ತರದಲ್ಲಿ ಹಿಮಾಲಯದ ಬಂಡೆಗಳ ನಡುವೆ ಬೆಳೆಯುವ ಒಂದು ಗಿಡಕ್ಕೆ ಸಲ್ಲುತ್ತದೆ. ಕೇರಳದಲ್ಲಿ ಹೊಳೆಯೊಳಗಿನ ಕಲ್ಲುಗಳ ಸಂದಿನ ಒಂದು ಪೊದೆಗೆ ಅದೇ ಹೆಸರು. ಬೇರೆ ಬೇರೆ ಕಡೆಗಳಲ್ಲಿ ದೊಡ್ಡಪತ್ರೆಯನ್ನೂ ಕಾಡುಬಸಳೆಯನ್ನೂ ಅದೇ ಹೆಸರಿನಿಂದ ಬಳಸುವುದುಂಟು. ಕಲ್ಲನ್ನು ಸೀಳಿ ಬೆಳೆಯುವ ಗಿಡವು ಒಡಲೊಳಗಣ ಕಲ್ಲನ್ನೂ ಸೀಳೀತೆಂಬ ಭಾವನೆಯೇ ಈ ಹೆಸರಿನ ಮೂಲವಿರಬೇಕು. ಒಂದೇ ಹೆಸರಿನಲ್ಲಿ ನಾಲ್ಕು ಗಿಡಗಳಿದ್ದರೆ, ಒಂದು ಪ್ರತಿಯ 'ಸಿದ್ಧಯೋಗ'ವು ಇನ್ನೊಂದು ಸೀಮೆಯಲ್ಲಿ ಸಿದ್ಧವೇ ಎಂಬುದನ್ನು ಕೇಳಲೇಬೇಕಾಗುತ್ತದೆ. ತೂಕದ ವಿಷಯವೂ ಹೀಗೆಯೇ. ಸಂಸ್ಕೃತದ ಕರ್ಷ, ಪಲಗಳನ್ನು ಪ್ರತಿಕಾರರು ತಮ್ಮ ಕಾಲದ ಹಣತೂಕ, ವರಹತೂಕಗಳಿಗೆ ಇಳಿಸಿಕೊಂಡಾಗ ಮಾತ್ರೆಯು ಏರಿಳಿದಿರುತ್ತದೆ.

ವೇದನೆ ಬೇರೆ, ಕಲ್ಲು ಬೇರೆ

ಓಲೆಗರಿಗಳ ಯೋಗಗಳನ್ನು ಓದುವಾಗ ಎರಡು ಪ್ರಯೋಜನಗಳನ್ನು ಬೇರ್ಪಡಿಸಿಕೊಳ್ಳಬೇಕು. ಶೂಲಶಮನವು ಒಂದು, ಅಶ್ಮರಿಯ ಭೇದನ ಅಥವಾ ಪಾತನವು ಇನ್ನೊಂದು. ಶೂಲೆ ಅಡಗಿದ ಮಾತ್ರಕ್ಕೆ ಕಲ್ಲು ಹೋಯಿತೆಂದಲ್ಲ. ಕಲ್ಲು ಮೂತ್ರಪಿಂಡದಲ್ಲಿಯೇ ಉಳಿದು, ನೋವಿಲ್ಲದೆ ಪಿಂಡವನ್ನು ಕೆಡಿಸುವುದೂ ಉಂಟು.

ಶೂಲೆಯ ಕಾರಣವನ್ನು ಪ್ರಾಚೀನರು ಮಾರ್ಗಾವರೋಧದಿಂದ ವಾತವು ಕುಪಿತವಾಗುವುದೆಂದು ವಿವರಿಸಿದರು. ಇಂದಿನ ವಿವರಣೆಯಲ್ಲಿಯೂ ಅವರೋಧವೇ ಮೊದಲ ಹೆಜ್ಜೆ. ನಾಳ ಕಟ್ಟಿದಾಗ ಪಿಂಡದೊಳಗೆ ಒತ್ತಡ ಏರುತ್ತದೆ. ಆಗ ಪ್ರೋಸ್ಟಗ್ಲಾಂಡಿನ್ ಎಂಬ ದ್ರವ್ಯಗಳು ಹೆಚ್ಚಾಗಿ ಹುಟ್ಟಿ, ಪಿಂಡಕ್ಕೆ ರಕ್ತ ತರುವ ನಾಳಗಳನ್ನು ಹಿಗ್ಗಿಸುತ್ತವೆ. ಮೂತ್ರೋತ್ಪತ್ತಿಯೂ ಅದರಿಂದ ಒತ್ತಡವೂ ಮತ್ತಷ್ಟು ಹೆಚ್ಚುತ್ತವೆ. ಎರಡು ಕಾಲದ ವಿವರಣೆಗಳು ಒಂದೇ ಎಂದು ಸಾಧಿಸಹೊರಡುವುದು ಅನುಚಿತ. ಆದರೂ ವೇದನೆಯ ಮೂಲವು ಕಲ್ಲಿನ ಗೀರಿಗಿಂತ ಹೆಚ್ಚಾಗಿ ತಡೆದ ಮಾರ್ಗದಲ್ಲಿದೆ ಎಂಬಷ್ಟನ್ನು ಎರಡರಲ್ಲಿಯೂ ಕಾಣಬಹುದು.

ವೇದನಾಶಮನದ ಇತಿಹಾಸ

ಚರಕ, ಸುಶ್ರುತರಲ್ಲಿ ಅಫೀಮು ಇಲ್ಲ. ಅಹಿಫೇನವೆಂಬ ಹೆಸರಿನಿಂದ ಅದು ಶಾರ್ಙ್ಗಧರಸಂಹಿತೆಯ ಕಾಲದಿಂದ ವೈದ್ಯದಲ್ಲಿ ನೆಲೆಸಿತು. ಯೂರೋಪಿನಲ್ಲಿ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಸೆರ್ಟುರ್ನರ್ ಎಂಬಾತನು ಅಫೀಮಿನಿಂದ ಮಾರ್ಫಿನ್ ಎಂಬ ಸಾರವನ್ನು ಬೇರ್ಪಡಿಸಿದನು. 1930ರ ದಶಕದ ಕೊನೆಗೆ ಕೃತಕವಾಗಿ ತಯಾರಿಸಿದ ಪೆಥಿಡಿನ್ ಬಂದಿತು. ಬಹುಕಾಲ ಅಶ್ಮರೀಶೂಲೆಗೆ ಇವೇ ಗತಿಯಾಗಿದ್ದುವು. ಇವು ಮೆದುಳಿನಲ್ಲಿ ನೋವಿನ ಅರಿವನ್ನು ಮಂಕುಗೊಳಿಸುತ್ತವೆಯೇ ಹೊರತು ಪಿಂಡದೊಳಗಣ ಒತ್ತಡವನ್ನು ಮುಟ್ಟುವುದಿಲ್ಲ.

1971ರಲ್ಲಿ ಜಾನ್ ವೇನ್ ಎಂಬ ಆಂಗ್ಲ ವಿಜ್ಞಾನಿಯು ಆಸ್ಪಿರಿನ್ ಜಾತಿಯ ಔಷಧಗಳು ಪ್ರೋಸ್ಟಗ್ಲಾಂಡಿನ್ನಿನ ಉತ್ಪತ್ತಿಯನ್ನೇ ತಡೆಯುತ್ತವೆಂದು ತೋರಿಸಿದನು. ಈ ಕಾರ್ಯಕ್ಕಾಗಿ 1982ರಲ್ಲಿ ಅವನಿಗೆ ಇತರ ಇಬ್ಬರೊಡನೆ ನೊಬೆಲ್ ಪಾರಿತೋಷಕವು ದೊರೆಯಿತು. 1978ರಲ್ಲಿ ಸ್ವೀಡನ್ನಿನ ವೈದ್ಯರು ಇದೇ ಜಾತಿಯ ಇಂಡೊಮೆಥಾಸಿನ್ ಔಷಧವನ್ನು ರಕ್ತನಾಳದ ಮೂಲಕ ಕೊಟ್ಟು ಮೂತ್ರನಾಳದ ಶೂಲೆ ಅಡಗುವುದನ್ನು ವರದಿ ಮಾಡಿದರು. ಡೈಕ್ಲೋಫೆನಾಕ್, ಕೆಟೊರೊಲಾಕ್ ಮೊದಲಾದವು ಆಮೇಲೆ ರೂಢಿಗೆ ಬಂದುವು.

ಇವುಗಳಲ್ಲಿ ಮೇಲಾವುದು ಎಂಬುದನ್ನು ನಿರ್ಣಯಿಸಿದ ವಿಧಾನವು ಶಾಸ್ತ್ರಜ್ಞರು ಗಮನಿಸತಕ್ಕದ್ದು. ಕತಾರ್ ದೇಶದ ದೋಹಾ ನಗರದ ಹಮದ್ ಜನರಲ್ ಆಸ್ಪತ್ರೆಗೆ ಶೂಲೆಯಿಂದ ಬಂದ 1,645 ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಪಂಗಡ ಮಾಡಲಾಯಿತು. ಒಂದು ಪಂಗಡಕ್ಕೆ 75 ಮಿಲಿಗ್ರಾಂ ಡೈಕ್ಲೋಫೆನಾಕ್ ಸೂಜಿಮದ್ದು, ಇನ್ನೊಂದಕ್ಕೆ ದೇಹದ ತೂಕಕ್ಕೆ ತಕ್ಕಷ್ಟು ಮಾರ್ಫಿನ್, ಮತ್ತೊಂದಕ್ಕೆ ರಕ್ತನಾಳದ ಮೂಲಕ ಒಂದು ಗ್ರಾಂ ಪ್ಯಾರಾಸಿಟಮಾಲ್. ಯಾರಿಗೆ ಯಾವುದು ಕೊಟ್ಟಿದೆ ಎಂಬುದು ಕೊಟ್ಟವರಿಗೂ ಪಡೆದವರಿಗೂ ತಿಳಿಯದಂತೆ ಏರ್ಪಾಡಾಗಿತ್ತು. ಅರ್ಧ ಗಂಟೆಯಲ್ಲಿ ನೋವು ಅರ್ಧಕ್ಕಿಂತ ಕೆಳಗಿಳಿದವರು ಡೈಕ್ಲೋಫೆನಾಕ್ ಪಡೆದವರಲ್ಲಿ ನೂರಕ್ಕೆ 68, ಪ್ಯಾರಾಸಿಟಮಾಲ್ ಪಡೆದವರಲ್ಲಿ 66, ಮಾರ್ಫಿನ್ ಪಡೆದವರಲ್ಲಿ 61. ಮತ್ತೊಮ್ಮೆ ನೋವಿನ ಮದ್ದು ಬೇಕಾದವರು ಡೈಕ್ಲೋಫೆನಾಕ್ ಪಂಗಡದಲ್ಲಿ ಎಲ್ಲಕ್ಕಿಂತ ಕಡಿಮೆ. 2016ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಇದಕ್ಕೆ ಮೊದಲೇ, 2004ರಲ್ಲಿ, ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ಸಮೀಕ್ಷೆಯು ಅಫೀಮಿನ ಜಾತಿಯ ಔಷಧಗಳಲ್ಲಿ, ವಿಶೇಷವಾಗಿ ಪೆಥಿಡಿನ್ನಿನಲ್ಲಿ, ವಾಂತಿಯು ಹೆಚ್ಚೆಂದು ಕಂಡುಕೊಂಡಿತ್ತು. ನಾಳದ ಸೆಳೆತವನ್ನು ಸಡಿಲಿಸಲೆಂದು ಕೊಡುವ ಹಯೊಸಿನ್ ಒಂದೇ ಆದರೆ ಡೈಕ್ಲೋಫೆನಾಕ್ ಜಾತಿಗೆ ಸಮನಲ್ಲವೆಂದು 2015ರ ಸಮೀಕ್ಷೆಯು ತಿಳಿಸಿತು.

ಮೇಲೆಂದು ಕಂಡ ಔಷಧವು ಎಲ್ಲರಿಗೂ ಮೇಲಲ್ಲ. ಪಿಂಡಗಳು ಮೊದಲೇ ದುರ್ಬಲವಾದವರಿಗೆ, ನೀರು ಬತ್ತಿದವರಿಗೆ, ಜಠರದಲ್ಲಿ ಹುಣ್ಣಿರುವವರಿಗೆ, ಗರ್ಭಿಣಿಯರಿಗೆ ಡೈಕ್ಲೋಫೆನಾಕ್ ಅಪಾಯಕರ. ಅಂಥವರಿಗೆ ಪ್ಯಾರಾಸಿಟಮಾಲ್ ಅಥವಾ ಅಳತೆಯರಿತು ಕೊಟ್ಟ ಮಾರ್ಫಿನ್ ಉಚಿತವಾಗಬಹುದು. ದೇಶ, ಕಾಲ, ವಯಸ್ಸು, ಬಲಗಳನ್ನು ನೋಡಿ ಔಷಧ ಕೊಡಬೇಕೆಂಬ ನಮ್ಮ ವೈದ್ಯಗ್ರಂಥಗಳ ವಚನಕ್ಕೆ ಇದು ವಿರುದ್ಧವಾಗಿಲ್ಲ.

ಪಾತ್ರಸ್ವಾಮಿಗಳ ಹೇತು

ಇನ್ನು ಎರಡನೆಯ ಪ್ರಯೋಜನವಾದ ಅಶ್ಮರೀಪಾತನ. ವೈದ್ಯದ ಓಲೆಗಳಲ್ಲಿ ಯೋಗದ ಕೊನೆಗೆ 'ಅನುಭವಸಿದ್ಧ', 'ದೃಷ್ಟಫಲ' ಎಂಬಂಥ ಮಾತುಗಳನ್ನು ಓದುಗರು ಕಂಡಿರುತ್ತಾರೆ. ಬರೆದವರು ಸುಳ್ಳಾಡಿದರೆಂದು ಭಾವಿಸಲು ಕಾರಣವಿಲ್ಲ. ಕಷಾಯ ಕುಡಿದ ರೋಗಿಯ ಕಲ್ಲು ಬಿದ್ದುದನ್ನು ಅವರು ಕಣ್ಣಾರೆ ಕಂಡಿರಬಹುದು. ಆದರೆ ಐದು ಮಿಲಿಮೀಟರಿಗಿಂತ ಚಿಕ್ಕದಾದ ಹರಳುಗಳಲ್ಲಿ ಹೆಚ್ಚಿನವು ಯಾವ ಔಷಧವೂ ಇಲ್ಲದೆ ತಾವಾಗಿಯೇ ಹೊರಬೀಳುತ್ತವೆ. 2015ರಲ್ಲಿ ಬ್ರಿಟನ್ನಿನಲ್ಲಿ ಮೂತ್ರನಾಳದ ಹರಳಿನ 1,167 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶವು ಪ್ರಕಟವಾಯಿತು. ಹರಳು ಬೀಳಿಸುತ್ತವೆಂದು ಆಧುನಿಕ ವೈದ್ಯರು ನಂಬಿ ಕೊಡುತ್ತಿದ್ದ ಟ್ಯಾಮ್ಸುಲೋಸಿನ್, ನಿಫೆಡಿಪಿನ್ ಎಂಬ ಎರಡು ಔಷಧಗಳನ್ನು ಇಬ್ಬಗೆಯ ಪಂಗಡಗಳಿಗೂ, ಔಷಧಾಂಶವೇ ಇಲ್ಲದ ಹುಸಿಗುಳಿಗೆಯನ್ನು ಮೂರನೆಯ ಪಂಗಡಕ್ಕೂ ಕೊಡಲಾಗಿತ್ತು. ನಾಲ್ಕು ವಾರಗಳಲ್ಲಿ ಬೇರೆ ಚಿಕಿತ್ಸೆ ಬೇಕಾಗದವರು ಮೂರು ಪಂಗಡಗಳಲ್ಲಿಯೂ ನೂರಕ್ಕೆ ಸುಮಾರು 80. ಹುಸಿಗುಳಿಗೆ ನುಂಗಿದ ಐವರಲ್ಲಿ ನಾಲ್ವರು ತಾವು ನುಂಗಿದುದನ್ನು 'ಅನುಭವಸಿದ್ಧ'ವೆಂದು ಬರೆದಿಡಬಹುದಾಗಿತ್ತು.

ಇಲ್ಲಿ ಜೈನ ನ್ಯಾಯದ ಒಂದು ಮೂಲತತ್ತ್ವವು ನೆನಪಾಗದಿರದು. 'ತ್ರಿಲಕ್ಷಣಕದರ್ಥನ'ವನ್ನು ರಚಿಸಿದ ಪಾತ್ರಸ್ವಾಮಿಗಳು, ಅಂದರೆ ಪಾತ್ರಕೇಸರಿಗಳು, ಬೌದ್ಧರು ಹೇಳಿದ ಹೇತುವಿನ ಮೂರು ಲಕ್ಷಣಗಳನ್ನು ನಿರಾಕರಿಸಿ, ಅನ್ಯಥಾನುಪಪತ್ತಿಯೊಂದೇ ಸದ್ಧೇತುವಿನ ಲಕ್ಷಣವೆಂದು ಸ್ಥಾಪಿಸಿದರು. ಸಾಧ್ಯವಿಲ್ಲದೆ ಬೇರೆ ಯಾವ ರೀತಿಯಿಂದಲೂ ಒದಗದಿರುವುದೇ ಹೇತುವಿನ ಬಲ. ಅಕಲಂಕರೂ ಈ ಲಕ್ಷಣವನ್ನೇ ಎತ್ತಿಹಿಡಿದರು. ಕಷಾಯದ ನಂತರ ಕಲ್ಲು ಬಿದ್ದುದು ಕಷಾಯದ ಶಕ್ತಿಯನ್ನು ಸಾಧಿಸುವ ಹೇತುವಾಗಬೇಕಾದರೆ, ಕಷಾಯವಿಲ್ಲದೆ ಕಲ್ಲು ಬೀಳದು ಎಂಬುದು ಸಿದ್ಧವಾಗಬೇಕು. ಕಲ್ಲು ಅನ್ಯಥಾ ಕೂಡ ಬೀಳುವುದರಿಂದ ಈ ಹೇತುವು ದುಷ್ಟವಾಗುತ್ತದೆ. ಹುಸಿಗುಳಿಗೆಯ ಪಂಗಡವನ್ನು ಇಟ್ಟುಕೊಂಡು ನಡೆಸುವ ಪರೀಕ್ಷೆಯು ಮಾಡುವುದು ಇಷ್ಟನ್ನೇ: 'ಅನ್ಯಥಾ' ಏನಾಗುತ್ತಿತ್ತು ಎಂಬುದನ್ನು ಕಣ್ಣಿಗೆ ಕಾಣುವಂತೆ ಮಾಡುವುದು. ಉಗ್ರಾದಿತ್ಯರು ಶಲ್ಯತಂತ್ರದ ಆಚಾರ್ಯರೆಂದು ಸ್ಮರಿಸಿದ ಹೆಸರೂ ಪಾತ್ರಸ್ವಾಮಿಗಳದೇ. ಇಬ್ಬರೂ ಒಬ್ಬರೇ ಎಂಬ ಚರ್ಚೆ ಬೇರೆ. ವೈದ್ಯದಲ್ಲಿ ಪ್ರಾಮಾಣ್ಯವನ್ನು ಅರಸುವವನಿಗೆ ಬೇಕಾದ ಅಳತೆಗೋಲು ನಮ್ಮ ನ್ಯಾಯಶಾಸ್ತ್ರದಲ್ಲಿಯೇ ಇತ್ತೆಂಬುದು ಮುಖ್ಯ.

ಇದರಿಂದ ಓಲೆಗಳ ಯೋಗಗಳೆಲ್ಲ ನಿಷ್ಫಲವೆಂದು ತೀರ್ಮಾನಿಸುವುದೂ ತಪ್ಪಾದೀತು. ಕ್ಷಾರದ ಉದಾಹರಣೆಯನ್ನು ನೋಡಬಹುದು. ಯೂರಿಕ್ ಆಮ್ಲದಿಂದಾದ ಹರಳುಗಳು ಮೂತ್ರವು ಕ್ಷಾರಯುಕ್ತವಾದಾಗ ಕರಗುತ್ತವೆ. ಇಂದಿನ ವೈದ್ಯರು ಪೊಟ್ಯಾಸಿಯಂ ಸಿಟ್ರೇಟನ್ನು ಕೊಡುವುದು ಇದಕ್ಕಾಗಿಯೇ. ಹೆಚ್ಚು ಜನರಲ್ಲಿ ಕಾಣುವ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳು ಹಾಗೆ ಕರಗುವುದಿಲ್ಲ. ಸಸ್ಯದ ಬೂದಿಯಿಂದ ತೆಗೆದ ಕ್ಷಾರದಲ್ಲಿ ಪೊಟ್ಯಾಸಿಯಂ ಅಧಿಕ. ಪಿಂಡಗಳು ಸೋತ ರೋಗಿಗೆ ಅದನ್ನು ಕೊಟ್ಟರೆ ಹೃದಯವೇ ನಿಂತುಹೋಗುವ ಭಯವುಂಟು. ಅಶ್ಮರಿಯಲ್ಲಿ ಭೇದಗಳನ್ನು ಎಣಿಸಿ, ಒಂದೊಂದಕ್ಕೂ ಬೇರೆ ಚಿಕಿತ್ಸೆ ಹೇಳಿದ ಪ್ರಾಚೀನರ ವಿವೇಕವು ಇಲ್ಲಿ ಸಮರ್ಥಿತವಾಗುತ್ತದೆ. ಭೇದವನ್ನು ಮರೆತು ಎಲ್ಲಕ್ಕೂ ಒಂದೇ ಕಷಾಯವನ್ನು ಹೇಳುವವರು ಆ ಪ್ರಾಚೀನರನ್ನು ಅನುಸರಿಸಿದಂತಾಗಲಿಲ್ಲ.

ಅಹಿಂಸೆಯ ದೃಷ್ಟಿಯಿಂದ

ಔಷಧಗಳನ್ನು ತೂಗುವಾಗ ರೋಗಿಯ ಗುಣವೊಂದನ್ನೇ ನೋಡದೆ ಇತರ ಜೀವಗಳಿಗಾಗುವ ಬಾಧೆಯನ್ನೂ ಎಣಿಸಬೇಕೆಂಬುದು ಕಲ್ಯಾಣಕಾರಕದ ದೃಷ್ಟಿ. ಈ ದೃಷ್ಟಿಯಿಂದ ಡೈಕ್ಲೋಫೆನಾಕಿನ ಇತಿಹಾಸವು ಚಿಂತನೆಗೆ ಎಡೆಗೊಡುತ್ತದೆ. 1990ರ ದಶಕದಿಂದ ಭಾರತದ ರಣಹದ್ದುಗಳು ಅತಿವೇಗವಾಗಿ ನಶಿಸಿದುವು. ಬಿಳಿಬೆನ್ನಿನ ರಣಹದ್ದುಗಳಂತೂ 1992ರಿಂದ 2007ರೊಳಗೆ ನೂರಕ್ಕೆ 99ಕ್ಕೂ ಮಿಕ್ಕಿ ಅಳಿದುವು. ದನಗಳ ನೋವಿಗೆ ಕೊಟ್ಟ ಡೈಕ್ಲೋಫೆನಾಕ್ ಅವುಗಳ ಕಳೇಬರದಲ್ಲಿ ಉಳಿದು, ಅದನ್ನು ತಿಂದ ಹಕ್ಕಿಗಳ ಮೂತ್ರಪಿಂಡಗಳನ್ನು ಕೆಡಿಸುತ್ತಿತ್ತೆಂದು 2004ರಲ್ಲಿ ಪತ್ತೆಯಾಯಿತು. ಆ ಹಕ್ಕಿಗಳ ಒಡಲೊಳಗೆ ಯೂರಿಕ್ ಆಮ್ಲವು ಬಿಳಿಯ ಹರಳಾಗಿ ಲೇಪಗೊಂಡಿತ್ತು. ಮನುಷ್ಯನ ಹರಳಿನ ನೋವನ್ನು ತಣಿಸುವ ಔಷಧವೇ ಹಕ್ಕಿಯ ಒಡಲಲ್ಲಿ ಹರಳು ಕಟ್ಟಿಸಿತು. 2006ರಲ್ಲಿ ಪಶುಚಿಕಿತ್ಸೆಗೆ ಅದರ ತಯಾರಿಕೆ ನಿಷಿದ್ಧವಾಯಿತು. ಮನುಷ್ಯರ ಸೂಜಿಮದ್ದಿನ ದೊಡ್ಡ ಸೀಸೆಗಳು ದನಗಳಿಗೆ ಬಳಕೆಯಾಗುತ್ತಿದ್ದುದರಿಂದ 2015ರಲ್ಲಿ ಅವನ್ನು ಒಂದು ಮಾತ್ರೆಯ ಮೂರು ಮಿಲಿಲೀಟರಿಗೆ ಮಿತಗೊಳಿಸಲಾಯಿತು. ಹಕ್ಕಿಗಳಿಗೆ ಬಾಧೆಯಿಲ್ಲದ ಮೆಲೊಕ್ಸಿಕಾಮ್ ಎಂಬ ಬದಲಿ ಔಷಧವು ದನಗಳಿಗೆ ಉಂಟು.

ರೋಗಿಗೆ ಆ ಸೂಜಿಮದ್ದನ್ನು ಕೊಡುವುದು ದೋಷವೆಂದು ಇದರ ಅರ್ಥವಲ್ಲ. ಆಸ್ಪತ್ರೆಯ ರೋಗಿಗೆ ಕೊಟ್ಟದ್ದು ಹದ್ದನ್ನು ಮುಟ್ಟುವುದಿಲ್ಲ. ಅದೇ ಔಷಧವನ್ನು ಅಗ್ಗವೆಂದು ಕೊಟ್ಟಿಗೆಗೆ ಒಯ್ದಾಗ ಹಿಂಸೆಯು ಒದಗುತ್ತದೆ. ಗೋಚಿಕಿತ್ಸೆಗೆ ಬೇರೆಯದೇ ಗ್ರಂಥವನ್ನು ಬರೆದ ಕೀರ್ತಿವರ್ಮನ ನಾಡಿನಲ್ಲಿ ಈ ವಿವೇಕವನ್ನು ಹೊಸದಾಗಿ ಕಲಿಯಬೇಕಾದುದಿಲ್ಲ. ದ್ರವ್ಯದ ಶುದ್ಧಿಯೊಡನೆ ಅದರ ಬಳಕೆಯ ಕೊನೆಯವರೆಗಿನ ಜಾಡನ್ನೂ ನೋಡಬೇಕೆಂಬುದು ಇದರಿಂದ ದೃಢವಾಗುತ್ತದೆ.

ಆಹಾರ, ನೀರು ಮತ್ತು ವ್ರತ

ಅಶ್ಮರಿ ಮರುಕಳಿಸದಂತೆ ತಡೆಯುವ ಉಪಾಯಗಳಲ್ಲಿ ಇಟಲಿಯ ಎರಡು ಪರೀಕ್ಷೆಗಳು ಪ್ರಸಿದ್ಧವಾಗಿವೆ. ಮೊದಲ ಬಾರಿ ಹರಳಾದವರನ್ನು ಐದು ವರ್ಷ ಗಮನಿಸಿ 1996ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಹೆಚ್ಚು ನೀರು ಕುಡಿದ 99 ಜನರಲ್ಲಿ 12 ಮಂದಿಗೂ, ಮೊದಲಿನಂತೆಯೇ ಕುಡಿದ 100 ಜನರಲ್ಲಿ 27 ಮಂದಿಗೂ ಹರಳು ಮರಳಿ ಬಂದಿತು. 2002ರ ಪರೀಕ್ಷೆಯಲ್ಲಿ ಮಾಂಸಾದಿ ಪ್ರಾಣಿಜನ್ಯ ಸಾರವನ್ನೂ ಉಪ್ಪನ್ನೂ ಕಡಿಮೆ ಮಾಡಿ, ಕ್ಯಾಲ್ಸಿಯಮ್ಮನ್ನು ಮಾತ್ರ ಎಂದಿನಂತೆ ಉಳಿಸಿಕೊಂಡ 60 ಮಂದಿಯಲ್ಲಿ 12 ಜನರಿಗೆ ಮರುಕಳಿಸಿದರೆ, ಕ್ಯಾಲ್ಸಿಯಮ್ಮನ್ನು ಕಡಿಮೆ ಮಾಡಿದ 60 ಮಂದಿಯಲ್ಲಿ 23 ಜನರಿಗೆ ಮರುಕಳಿಸಿತು. ಹರಳಿನ ಭಯದಿಂದ ಹಾಲನ್ನು ಬಿಡುವುದು ಲಾಭವಲ್ಲವೆಂಬುದೂ ಇದರಿಂದ ತಿಳಿಯುತ್ತದೆ.

ಮಾಂಸನಿರಾಕರಣವು ಈ ರೋಗಕ್ಕೆ ಹಿತವೆಂಬ ಸಮಾಧಾನವನ್ನು ಶ್ರಾವಕರು ಇಲ್ಲಿ ಪಡೆಯಬಹುದು. ಆದರೆ ನೀರಿನ ವಿಷಯದಲ್ಲಿ ಎಚ್ಚರ ಅವಶ್ಯ. ರಾತ್ರಿಭೋಜನತ್ಯಾಗಿಯು ಸೂರ್ಯಾಸ್ತದ ಬಳಿಕ ನೀರನ್ನೂ ಬಿಟ್ಟಿರುವುದುಂಟು. ದಿಗಂಬರ ಮುನಿಗಳು ದಿನಕ್ಕೊಮ್ಮೆ, ಆಹಾರದ ವೇಳೆಯಲ್ಲಿ ಮಾತ್ರ, ಪಾಣಿಪಾತ್ರದಲ್ಲಿ ನೀರನ್ನು ಸ್ವೀಕರಿಸುತ್ತಾರೆ. ತೃಷಾಪರೀಷಹವನ್ನು ಸಹಿಸುವುದು ಅವರ ಧರ್ಮ. ಅದನ್ನು ಪ್ರಶ್ನಿಸುವ ಅಧಿಕಾರ ಗೃಹಸ್ಥನಿಗಿಲ್ಲ. ಗೃಹಸ್ಥನ ಪಾಡು ಬೇರೆ. ರಾತ್ರಿ ನೀರು ಬಿಡುವ ವ್ರತವು ಹಗಲಿನಲ್ಲಿ ಕಡಿಮೆ ಕುಡಿಯುವ ವ್ರತವಲ್ಲ. ಒಮ್ಮೆ ಹರಳಿನ ಶೂಲೆಯುಂಡವನು ಕಾಯಿಸಿ ಸೋಸಿದ ನೀರನ್ನೇ ಉದಯದಿಂದ ಅಸ್ತದವರೆಗೆ ಹಂಚಿ ಹೆಚ್ಚಾಗಿ ಕುಡಿದರೆ ವ್ರತಕ್ಕೂ ಭಂಗವಿಲ್ಲ, ಪಿಂಡಕ್ಕೂ ಹಿತ. ಶೂಲೆ ಏರಿರುವ ಗಳಿಗೆಯಲ್ಲಿ ಬಿಂದಿಗೆಗಟ್ಟಲೆ ನೀರು ಕುಡಿಸಿದರೆ ಕಲ್ಲು ಬೇಗ ಬೀಳುತ್ತದೆ ಎಂಬ ರೂಢಿಗೆ ಮಾತ್ರ ಗಟ್ಟಿಯಾದ ಆಧಾರವಿಲ್ಲ. ಶೂಲೆಯೊಡನೆ ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ, ಇರುವ ಪಿಂಡ ಒಂದೇ ಆಗಿದ್ದರೆ, ಕಷಾಯವನ್ನಾಗಲಿ ಗುಳಿಗೆಯನ್ನಾಗಲಿ ನಂಬಿ ಮನೆಯಲ್ಲಿ ಕುಳಿತಿರದೆ ಕೂಡಲೇ ಆಸ್ಪತ್ರೆ ಸೇರಬೇಕು. ಕಟ್ಟಿದ ಪಿಂಡದಲ್ಲಿ ಕೀವಾದರೆ ಗಂಟೆಗಳಲ್ಲಿ ಪ್ರಾಣಕ್ಕೆ ಸಂಚಕಾರ ಬರುತ್ತದೆ.

ಸಂಪಾದಕನ ಹೊಣೆ

ಚತುರ್ವಿಧ ದಾನಗಳಲ್ಲಿ ಔಷಧದಾನವೂ ಶಾಸ್ತ್ರದಾನವೂ ಸೇರಿವೆ. ವೈದ್ಯಗ್ರಂಥವನ್ನು ಸಂಪಾದಿಸಿ ಲೋಕಕ್ಕೆ ಕೊಡುವವನು ಎರಡನ್ನೂ ಒಟ್ಟಿಗೆ ಮಾಡುತ್ತಾನೆ. ಆದುದರಿಂದ ಅವನ ಹೊಣೆಯೂ ಇಮ್ಮಡಿ. ಅಶ್ಮರೀಪ್ರಕರಣದಂಥ ಭಾಗಗಳನ್ನು ಅಚ್ಚಿಗೆ ಕೊಡುವಾಗ ಪ್ರತಿಗಳ ಪಾಠಾಂತರಗಳನ್ನು ಪೂರ್ತಿಯಾಗಿ ತೋರಿಸಬೇಕು. ಕ್ಷಾರ ಕ್ಷೀರಗಳಂಥ ಸಂದಿಗ್ಧ ಸ್ಥಳಗಳಲ್ಲಿ ಊಹೆಯನ್ನು ಊಹೆಯೆಂದೇ ಗುರುತಿಸಬೇಕು. ದ್ರವ್ಯನಾಮಕ್ಕೆ ಪ್ರಾಂತವಾರು ಅರ್ಥಗಳನ್ನು ಕೊಟ್ಟು, ನಿರ್ಣಯವಾಗದ ಕಡೆ ಬಿಡಬೇಕು. ತೂಕವನ್ನು ಇಂದಿನ ಗ್ರಾಮಿಗೆ ಇಳಿಸುವಾಗ ಯಾವ ಕಾಲದ ಯಾವ ಮಾನವೆಂಬುದನ್ನು ಹೇಳಬೇಕು. ಶೂಲಶಮನಕ್ಕೆ ಹೇಳಿದ ಯೋಗವನ್ನು ಅಶ್ಮರೀಭೇದನದ್ದೆಂದು ಪೀಠಿಕೆಯಲ್ಲಿ ಬಣ್ಣಿಸಬಾರದು. 'ಅನುಭವಸಿದ್ಧ'ವೆಂಬ ಪ್ರತಿಕಾರನ ಮಾತನ್ನು ಅವನ ಮಾತಾಗಿಯೇ ಅಚ್ಚಿಸಬೇಕೇ ಹೊರತು ಸಂಪಾದಕನು ಅದಕ್ಕೆ ತನ್ನ ಮುದ್ರೆಯನ್ನೊತ್ತಬಾರದು.

ಕಲ್ಯಾಣಕಾರಕದ ಆಚಾರ್ಯರು ಚಕ್ರವರ್ತಿಯ ಸಭೆಯಲ್ಲಿ, ತಮಗಿಂತ ಪ್ರಬಲವಾದ ರೂಢಿಯ ಎದುರಿಗೆ, ಯುಕ್ತಿಯಿಂದ ವಾದಿಸಿದರು. ಪ್ರಾಚೀನವೆಂಬ ಕಾರಣಕ್ಕೆ ಮಾಂಸೌಷಧವನ್ನು ಅವರು ಒಪ್ಪಲಿಲ್ಲ. ಅವರ ಗ್ರಂಥಕ್ಕೆ ಇಂದು ಸಲ್ಲಿಸಬಹುದಾದ ಗೌರವವೆಂದರೆ ಅದರ ಯೋಗಗಳನ್ನೂ ಅಂಥದೇ ಯುಕ್ತಿಗೆ, ಪಾತ್ರಸ್ವಾಮಿಗಳ ಹೇತುಲಕ್ಷಣಕ್ಕೆ ಒಪ್ಪಿಸುವುದು. ನೆಗ್ಗಿಲು, ವರುಣ, ಹುರುಳಿಗಳಲ್ಲಿ ಯಾವುದಕ್ಕೆ ನಿಜವಾದ ಶಕ್ತಿಯಿದೆಯೋ ಅದು ಆ ಪರೀಕ್ಷೆಯಲ್ಲಿ ಉಳಿಯುತ್ತದೆ. ಅಲ್ಲಿಯವರೆಗೆ ಶೂಲೆಯಿಂದ ಹೊರಳಾಡುವ ರೋಗಿಗೆ ಪರೀಕ್ಷೆಯಲ್ಲಿ ಗೆದ್ದ ಔಷಧವನ್ನು ಕೊಡುವುದೂ, ಓಲೆಯ ಯೋಗವನ್ನು ಶುದ್ಧಪಾಠದೊಡನೆ ಕಾಪಾಡುವುದೂ ಪರಸ್ಪರ ವಿರೋಧಿಗಳಲ್ಲ. ಎರಡೂ ದಾನವೇ.